ನಾಲ್ಕನೆಯ ಸಂದರ್ಶನ

ಗಂಟೆ ಹೊಡೆಯಿತು. ಕಾರಿಡಾರಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಅಭ್ಯರ್ಥಿಗಳು ಒಂದು ಕೋಣೆಯಿಂದ ಹೊರಗೆ ಬಂದು ಪಕ್ಕದ ಕೋಣೆಯ ಮುಂದೆ ನಿಂತರು. ಬಾಗಿಲಿಗೆ ಅಂಟಿಸಿದ ಪ್ರಶ್ನೆಯನ್ನು ಓದಿಕೊಂಡರು. ಮತ್ತೆ ಗಂಟೆ. ಎಲ್ಲರೂ ಒಳಗೆ ಹೋದರು.

ಕೊನೆಯ ಕೋಣೆಗೆ ಮಾತ್ರ ಯಾರೂ ಬರಲಿಲ್ಲ.

ಆ ವೈದ್ಯಕೀಯ ಕಾಲೇಜಿನಲ್ಲಿ ಸಂದರ್ಶನ ನಡೆಯುವುದೇ ಹೀಗೆ. ಕೋಣೆಗೊಬ್ಬರು ಪರೀಕ್ಷಕರು, ಕೋಣೆಗೊಂದು ಪ್ರಶ್ನೆ. ಒಬ್ಬೊಬ್ಬರು ಒಂದೊಂದು ಕೋಣೆಯಿಂದ ಶುರು ಮಾಡಿ ಎಲ್ಲವನ್ನೂ ಸುತ್ತಿ ಬರಬೇಕು. ಅಂಕ ಇದ್ದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಆದರೆ ಒಳಗೆ ಬಂದ ಮೇಲೆ ಆ ಅಂಕವನ್ನು ಯಾರೂ ನೋಡುವುದಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ್ದೆಲ್ಲ ಬಾಗಿಲಿನ ತನಕ. ಅಲ್ಲಿಂದಾಚೆಗೆ ಬಾಯಿದ್ದವರ ರಾಜ್ಯ.

ಕೊನೆಯ ಕೋಣೆಯಲ್ಲಿ ಕೂತಿದ್ದ ಪ್ರೊಫೆಸರಮ್ಮ ಸ್ವಲ್ಪ ಕಾದರು. ಆಮೇಲೆ ಎದ್ದು ಹೊರಗೆ ಬಂದರು. ಕಾರಿಡಾರು ಖಾಲಿ. ತುದಿಯಲ್ಲಿದ್ದ ಶೌಚಾಲಯದ ಒಳಗಿನಿಂದ ಏನೋ ಸದ್ದು. ಹಳೆಯ ಬಾಗಿಲು ಎಳೆದಂತೆ, ಸಣ್ಣಗೆ, ಬಿಟ್ಟು ಬಿಟ್ಟು. ಅವರು ಬಾಗಿಲು ತಳ್ಳಿದರು.

ಹುಡುಗಿಯೊಬ್ಬಳು ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ತುಟಿ ನೀಲಿ. ಕೈಯಲ್ಲಿ ಇನ್ಹೇಲರ್. ಅದನ್ನು ಬಾಯಿಗಿಟ್ಟು ಒತ್ತಿದಳು, ಮತ್ತೆ ಒತ್ತಿದಳು. ಕಣ್ಣು ಮಾತ್ರ ಪ್ರೊಫೆಸರಮ್ಮನನ್ನೇ ನೋಡುತ್ತಿತ್ತು. ಆಮೇಲೆ ಅದೂ ಮುಚ್ಚಿತು.

ಪುಣ್ಯಕ್ಕೆ ಆಸ್ಪತ್ರೆ ಅಂಗಳದ ಆಚೆಗೇ ಇತ್ತು.

"ಹೆದರಿಕೆ," ಎಂದರು ಡೀನ್, ಸ್ಟ್ರೆಚರ್ ಹೋಗುವುದನ್ನು ನೋಡುತ್ತ. "ಪ್ರತಿ ವರ್ಷ ಒಬ್ಬರಾದರೂ ಹೀಗೆ ಬೀಳ್ತಾರೆ. ಇಂಟರ್‌ವ್ಯೂ ಅಂದ್ರೆ ಮಕ್ಕಳಿಗೆ ಜೀವವೇ ಬಾಯಿಗೆ ಬರುತ್ತೆ. ಮುಂದುವರಿಸಿ."

ಗಂಟೆ ಹೊಡೆಯಿತು. ಒಂದು ಸೀಟು ಖಾಲಿಯಾಯಿತು ಅಂತ ಅಲ್ಲಿದ್ದ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಖ ನೋಡಿದರೆ ಸಾಕಿತ್ತು.

*

ಇನ್‌ಸ್ಪೆಕ್ಟರಮ್ಮನ ಫೋನು ರಿಂಗಾಯಿತು. ತಂಗಿ.

"ಅಕ್ಕಾ, ಎಮರ್ಜೆನ್ಸಿಗೆ ಬರ್ತೀಯಾ?"

"ಯಾಕೆ, ಅಮ್ಮನಿಗೇನಾದ್ರೂ?"

"ಅಮ್ಮ ಚೆನ್ನಾಗಿದಾಳೆ. ಅಕ್ಕನಾಗಿ ಬೇಡ, ಪೊಲೀಸಾಗಿ ಬಾ."

ಇನ್‌ಸ್ಪೆಕ್ಟರಮ್ಮನಿಗೆ ಆ ಆಸ್ಪತ್ರೆಗೆ ಹೋಗುವುದೆಂದರೆ ಮೈಯೆಲ್ಲ ಮುಳ್ಳು. ಅಲ್ಲಿ ಎಲ್ಲರೂ ಅವರನ್ನು ಡಾಕ್ಟರ ಅಕ್ಕ ಎಂದೇ ಕರೆಯುತ್ತಾರೆ. ಯೂನಿಫಾರ್ಮಿನಲ್ಲಿ ಹೋದರೂ ಅಷ್ಟೇ. ಒಂದು ಕಾಲದಲ್ಲಿ ಅವರೂ ಡಾಕ್ಟರಾಗಬೇಕು ಅಂತ ಪರೀಕ್ಷೆ ಬರೆದವರೇ. ಕೂದಲೆಳೆಯಲ್ಲಿ ತಪ್ಪಿತು. ಆಮೇಲೆ ತಂಗಿ ಅದೇ ಪುಸ್ತಕಗಳನ್ನು ಓದಿ, ಅದೇ ಅಂಡರ್‌ಲೈನುಗಳನ್ನು ನೋಡಿ, ಸಲೀಸಾಗಿ ಒಳಗೆ ಹೋದಳು. ಮನೆಗೆ ಬಂದವರಿಗೆಲ್ಲ ಅಮ್ಮ ಇಂದಿಗೂ ಮೊದಲು ಚಿಕ್ಕವಳನ್ನು ಪರಿಚಯ ಮಾಡಿಸುತ್ತಾಳೆ. ದೊಡ್ಡವಳನ್ನು ಕಾಫಿ ಆದ ಮೇಲೆ. ಹೊಟ್ಟೆಕಿಚ್ಚು ಅಲ್ಲವೇ ಅಲ್ಲ ಅಂತ ಇನ್‌ಸ್ಪೆಕ್ಟರಮ್ಮ ಹೇಳಿಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚೇ.

ತಂಗಿ ಐಸಿಯು ಬಾಗಿಲಲ್ಲೇ ಕಾಯುತ್ತಿದ್ದಳು. ಮಾಸ್ಕು ಕತ್ತಿನಲ್ಲಿ, ಕಣ್ಣ ಕೆಳಗೆ ಕಪ್ಪು.

"ಮೆಷಿನ್ ಮೇಲಿದಾಳೆ. ಬದುಕ್ತಾಳೆ ಅಂತ ಇನ್ನೂ ಹೇಳಲಾರೆ. ಇವಳಿಗೆ ಚಿಕ್ಕಂದಿನಿಂದ ಆಸ್ತಮಾ. ಡೀನ್ ಹೆದರಿಕೆ ಅಂತಿದಾರೆ. ನನಗೆ ನಂಬಿಕೆ ಇಲ್ಲ."

"ಯಾಕೆ?"

"ಎರಡು ವಿಷಯ. ಇನ್ಹೇಲರ್ ತುಂಬಿದೆ, ನಾನೇ ಒತ್ತಿ ನೋಡಿದೆ. ಆದರೂ ಅದು ಕೆಲಸ ಮಾಡಲಿಲ್ಲ. ಇನ್ನೊಂದು, ನಾಡಿ. ಉಸಿರಿಗೆ ಒದ್ದಾಡೋರ ನಾಡಿ ಓಡ್ತಿರುತ್ತೆ. ಇವಳದು ವಾಕಿಂಗ್ ಹೋಗ್ತಿತ್ತು."

"ನನಗೆ ಅರ್ಥ ಆಗೋ ಹಾಗೆ ಹೇಳು. ನಾನು ಸೀಟು ಸಿಗದವಳು."

ತಂಗಿ ಒಂದು ಕ್ಷಣ ಅಕ್ಕನ ಮುಖ ನೋಡಿದಳು. ಆಮೇಲೆ ವಿಷಯಕ್ಕೆ ಬಂದಳು.

"ಒಂದು ಮಾತ್ರೆ ಇದೆ. ಎದೆಬಡಿತ ನಿಧಾನ ಮಾಡುತ್ತೆ. ಕೈ ನಡುಗೋದು ನಿಲ್ಲಿಸುತ್ತೆ. ಸ್ಟೇಜ್ ಹತ್ತೋರು, ಇಂಟರ್‌ವ್ಯೂಗೆ ಹೋಗೋರು ಕದ್ದುಮುಚ್ಚಿ ತಗೋತಾರೆ. ಧೈರ್ಯದ ಮಾತ್ರೆ ಅಂತಾರೆ. ಬೇರೆಯವರಿಗೆ ದೊಡ್ಡ ಅಪಾಯ ಇಲ್ಲ. ಆಸ್ತಮಾ ಇರೋರಿಗೆ ಕೊಟ್ರೆ ಉಸಿರಿನ ಕೊಳವೆ ಮುಚ್ಕೊಳ್ಳುತ್ತೆ. ಇನ್ಹೇಲರಿನ ಔಷಧಿನೂ ತಟ್ಟಲ್ಲ. ರಕ್ತ ಲ್ಯಾಬಿಗೆ ಕಳಿಸಿದೀನಿ. ಆದರೆ ನನಗೆ ಗ್ಯಾರಂಟಿ."

"ಅವಳೇ ನುಂಗಿರಬಹುದು. ಇಂಟರ್‌ವ್ಯೂ ಭಯಕ್ಕೆ."

"ಅವಳಿಗೆ ಭಯವಾ? ಹೋಗಿ ಕೇಳು."

*

ಕೇಳಿದರು. ಪ್ರೊಫೆಸರಮ್ಮ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಅವಳು ಬೀಳೋಕೆ ಮುಂಚಿನ ಕೋಣೆಯಲ್ಲಿ ನಮ್ಮ ಸರ್ಜನ್ ಸಾಹೇಬರಿದ್ದರು. ಅವರು ನಗೋದು ನಾನು ಈವರೆಗೆ ಕೇಳಿಲ್ಲ ಮೇಡಂ. ಇವತ್ತು ಗೋಡೆ ದಾಟಿ ಕೇಳಿಸ್ತು. ಇವಳಲ್ಲಿ ಹೆದರಿಕೆ ಎಲ್ಲಿಂದ ಬಂತು?"

"ಆಸ್ತಮಾ ಇರೋದು ನಿಮಗೆ ಗೊತ್ತಿತ್ತಾ?"

"ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಾಗೋಳಿಗೆ ಕಾಯಿಲೆ ಅಂದ್ರೆ ಮಾರ್ಕ್ಸ್ ಕಡಿಮೆ ಮಾಡ್ತಾರೆ ಅಂತ ಮುಚ್ಚಿಟ್ಟಿರಬೇಕು. ಅದಕ್ಕೇ ಬಾತ್‌ರೂಮಿಗೆ ಓಡಿದಾಳೆ. ನಾವ್ಯಾರೂ ಅದನ್ನ ನೋಡೋದೇ ಇಲ್ಲ. ಮಕ್ಕಳು ಏನೇನೋ ಅಂದ್ಕೋತಾರೆ."

ಐಸಿಯು ಎದುರಿನ ಕುರ್ಚಿಗಳಲ್ಲಿ ಹುಡುಗಿಯ ಮನೆಯವರಿದ್ದರು. ತಾಯಿ ಅತ್ತು ಅತ್ತು ಸೆರಗು ಒದ್ದೆ ಮಾಡಿಕೊಂಡಿದ್ದರು. ತಂದೆ ನೆಲ ನೋಡುತ್ತಿದ್ದರು. ದೊಡ್ಡ ಮಗಳು ಇಬ್ಬರ ನಡುವೆ ನೆಟ್ಟಗೆ ಕೂತಿದ್ದಳು. ಇನ್‌ಸ್ಪೆಕ್ಟರಮ್ಮನನ್ನು ಕಂಡೊಡನೆ ಎದ್ದು ನಿಂತಳು.

"ಏನಾಯ್ತು ಹೇಳಿ," ಎಂದರು ಇನ್‌ಸ್ಪೆಕ್ಟರಮ್ಮ.

"ಮೊದಲು ನಮ್ಮ ಮನಸ್ಥಿತಿ ಹೇಳ್ತೀನಿ ಮೇಡಂ. ನಾವೆಲ್ಲ ಆಘಾತದಲ್ಲಿದೀವಿ. ನಡೆದದ್ದು ಹೀಗೆ. ಬೆಳಿಗ್ಗೆ ತಂಗಿ ಆರಾಮಾಗಿದ್ದಳು. ನಾನೇ ಅವಳನ್ನ ಗೇಟಿನ ತನಕ ಬಿಟ್ಟು ಮನೆಗೆ ಹೋದೆ. ಆಸ್ಪತ್ರೆಯಿಂದ ಫೋನ್ ಬಂತು, ಅಪ್ಪ ಅಮ್ಮನ್ನ ಕರ್ಕೊಂಡು ಬಂದೆ. ನನಗನ್ನಿಸೋದು, ಒತ್ತಡದಿಂದ ಉಬ್ಬಸ ಹೆಚ್ಚಾಗಿರಬೇಕು. ನೀವು ಏನು ಕೇಳಿದರೂ ಉತ್ತರ ಕೊಡೋಕೆ ಸಿದ್ಧ."

ಒಂದು ತಡವರಿಕೆಯಿಲ್ಲ. ಹಿಂದಿನ ವಾಕ್ಯ ಮುಗಿದ ಮೇಲೇ ಮುಂದಿನದು. ಇಂಥ ಸಾಕ್ಷಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದುಕೊಂಡರು ಇನ್‌ಸ್ಪೆಕ್ಟರಮ್ಮ. ಅವರ ಸ್ಟೇಷನ್ನಿನ ಪೇದೆಗಳೇ ಹೀಗೆ ವರದಿ ಹೇಳುವುದಿಲ್ಲ. ಸ್ವಲ್ಪ ಅಸೂಯೆಯೂ ಆಯಿತು. ಮೇಲಧಿಕಾರಿಯ ಮುಂದೆ ಅವರ ನಾಲಿಗೆಯೇ ಹೀಗೆ ಹೊರಳುವುದಿಲ್ಲ.

"ನಿಮ್ಮ ತಂಗಿಗೆ ಯಾರ ಜೊತೆಗಾದ್ರೂ ಜಗಳ, ದ್ವೇಷ?"

"ಇಲ್ಲ. ಎಲ್ಲರಿಗೂ ಅವಳು ಇಷ್ಟ. ಮನೆಯಲ್ಲಿ, ಕೋಚಿಂಗಿನಲ್ಲಿ ಎಲ್ಲರೂ ಅವಳನ್ನ ಚಿಲಿಪಿಲಿ ಅಂತಾರೆ. ಬಾಯಿ ಮುಚ್ಚಿದ್ದು ನೋಡಿದವರಿಲ್ಲ." ಹಾಗೇ ಸೇರಿಸಿದಳು. "ಕಾಯೋ ಹಾಲ್‌ನಲ್ಲಿ ಒಬ್ಬ ಹುಡುಗ ಇದ್ದ. ಕೋಚಿಂಗಿನಲ್ಲೂ ಇದ್ದ. ಅವಳಿಗೆ ಜ್ಯೂಸು ಕೊಡೋದನ್ನ ಗೇಟಿನಿಂದ ನೋಡಿದೆ. ಅದರಲ್ಲೇನೂ ಇರಲಿಕ್ಕಿಲ್ಲ. ಆದರೂ ಹೇಳೋದು ನನ್ನ ಕರ್ತವ್ಯ."

*

ಆ ಹುಡುಗನನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಾಯುವ ಹಾಲಿನಲ್ಲಿದ್ದ ಎಲ್ಲರೂ ಒಟ್ಟಿಗೆ ಅವನತ್ತ ಬೆರಳು ತೋರಿಸಿದರು. ಇಸ್ತ್ರಿ ಮಾಡಿದ ಬಟ್ಟೆ, ಹೊಳೆಯುವ ಬೂಟು, ಇನ್ನೊಬ್ಬರ ಮೇಲೆ ಗೂಬೆ ಕೂರಿಸಲು ಎಷ್ಟು ಅವಸರ. ಒಬ್ಬಳಂತೂ ಕೈಯೆತ್ತಿ ನಿಂತಳು, ಇದಕ್ಕೂ ಅಂಕ ಕೊಡುತ್ತಾರೇನೋ ಎಂಬಂತೆ.

"ಅವನೇ ಮೇಡಂ. ಚಿಲಿಪಿಲಿ ಬಾಯಿ ತೆಗೆದ್ರೆ ಉರಿದು ಬೀಳ್ತಿದ್ದ. ಇವಳ ನಾಲಿಗೆ ಬಿದ್ದುಹೋಗಬಾರದಾ ಅಂದ. ಎಲ್ಲರೂ ಕೇಳಿಸ್ಕೊಂಡಿದೀವಿ."

ಹುಡುಗ ತೆಳ್ಳಗೆ, ಬೆಳ್ಳಗೆ. ಕೋಚಿಂಗಿನಲ್ಲಿ ಅವನ ಹೆಸರು ಪುಕ್ಕಲ. ಅಂಕದಲ್ಲಿ ಎಲ್ಲರಿಗಿಂತ ಮುಂದೆ, ಬಾಯಿ ಬಿಡುವುದರಲ್ಲಿ ಎಲ್ಲರಿಗಿಂತ ಹಿಂದೆ. ಇನ್‌ಸ್ಪೆಕ್ಟರಮ್ಮ ಅವನನ್ನು ಪಕ್ಕದ ಖಾಲಿ ತರಗತಿಗೆ ಕರೆದುಕೊಂಡು ಹೋದರು. ಜೊತೆಗೆ ಬಂದಿದ್ದ ಪೇದೆ ಅವನ ಜೇಬು ನೋಡಿದ. ಕರವಸ್ತ್ರದಲ್ಲಿ ಸುತ್ತಿದ ಮಾತ್ರೆಯ ಪಟ್ಟಿ ಸಿಕ್ಕಿತು. ಒಂದು ಗುಳಿ ಖಾಲಿ.

"ಧೈರ್ಯದ ಮಾತ್ರೆನಾ?"

"ಹೌದು ಮೇಡಂ."

"ಒಂದು ಇಲ್ಲ. ಎಲ್ಲಿಗೆ ಹೋಯ್ತು?"

"ನಾನೇ ನುಂಗಿದೆ."

"ಅವಳ ಜ್ಯೂಸಿಗೆ ಹಾಕಿದೆ ಅಂತ ನಾನು ಹೇಳ್ತೀನಿ."

"ಇಲ್ಲ ಮೇಡಂ. ಜ್ಯೂಸು ಕೊಟ್ಟಿದ್ದು ಹೌದು. ಅವಳೇ ಕಿತ್ಕೊಂಡ್ಲು. ಅರ್ಧ ಕುಡಿದು ವಾಪಸ್ ಕೊಟ್ಲು, ಉಳಿದದ್ದು ನಾನು ಕುಡಿದೆ."

"ನಾಲಿಗೆ ಬಿದ್ದುಹೋಗಲಿ ಅಂದಿದ್ದು?"

ಹುಡುಗನ ಕಣ್ಣಲ್ಲಿ ನೀರು ತುಂಬಿತು. "ಅಂದೆ. ಎಲ್ಲರೂ ಮನಸ್ಸಲ್ಲಿ ಅಂದ್ಕೊಂಡ್ರು, ನಾನು ಬಾಯಿಬಿಟ್ಟು ಅಂದೆ. ನನಗೆ ಅವಳಿಗಿಂತ ಎಷ್ಟೋ ಜಾಸ್ತಿ ಮಾರ್ಕ್ಸ್ ಇದೆ ಮೇಡಂ. ಅವಳು ಹೊಸಿಲು ದಾಟೋಕೆ ಎಷ್ಟು ಬೇಕೋ ಅಷ್ಟು ತಗೊಂಡು ಬಂದಿದಾಳೆ. ಬಂದವಳೇ ಸೆಕ್ಯುರಿಟಿಯವನ ಜೊತೆ ಅವನ ಮೊಮ್ಮಗನ ವಿಷಯ ಮಾತಾಡ್ತಾ ನಿಂತ್ಲು. ನಾನು ಬಾತ್‌ರೂಮಲ್ಲಿ ವಾಂತಿ ಮಾಡ್ತಿದ್ದೆ. ಹೊಟ್ಟೆ ಉರಿಯಲ್ವಾ?"

"ಹೊಟ್ಟೆ ಉರಿದವರು ಏನು ಬೇಕಾದ್ರೂ ಮಾಡ್ತಾರೆ. ಹುಡುಗಿ ಸತ್ತರೆ ಕೊಲೆ ಕೇಸು. ಡಾಕ್ಟರ್ ಕೋಟು ಬದಲು ಜೈಲು ಬಟ್ಟೆ. ಗೊತ್ತಾ?"

ಹುಡುಗನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ಸ್ವಲ್ಪ ನೀರು," ಎಂದ. ಪೇದೆ ಜಗ್ಗು, ಲೋಟ ಮುಂದಿಟ್ಟ. ಹುಡುಗ ಅಂಚಿನ ತನಕ ಬಗ್ಗಿಸಿಕೊಂಡ. ಎತ್ತಿ ಕುಡಿದ. ಮೇಜಿನ ಮೇಲೆ ಒಂದು ಹನಿ ಚೆಲ್ಲಲಿಲ್ಲ.

ಇನ್‌ಸ್ಪೆಕ್ಟರಮ್ಮ ಆ ಕೈಗಳನ್ನೇ ನೋಡಿದರು. ಜೈಲಿನ ಹೆಸರೆತ್ತಿದರೆ ಹಳೆಯ ಕಳ್ಳರ ಕೈಯೂ ನಡುಗುತ್ತದೆ. ಇವನು ಅಳುತ್ತಿದ್ದಾನೆ, ಕೈ ಮಾತ್ರ ಕಲ್ಲು. ಅವರು ತಂಗಿಗೆ ಫೋನು ಮಾಡಿ ಕರೆಸಿದರು. ತಂಗಿ ಬಂದು ಹುಡುಗನ ಮಣಿಕಟ್ಟು ಹಿಡಿದಳು.

"ನಿಧಾನ. ಇಷ್ಟು ಬೈಸಿಕೊಂಡ ಮೇಲೂ ನಿಧಾನ. ಇವನು ಮಾತ್ರೆ ನುಂಗಿದಾನೆ ಅಕ್ಕಾ."

"ಅಂದ್ರೆ ಪಟ್ಟಿಯಿಂದ ಹೋದದ್ದು ಇವನ ಹೊಟ್ಟೆಯಲ್ಲೇ ಇದೆ."

"ಜ್ಯೂಸಿನ ಲೆಕ್ಕವೂ ಕೂಡಲ್ಲ. ಅವಳು ಕುಡಿದದ್ದು ಗಂಟೆ ಹೊಡೆಯೋ ಮುಂಚೆ. ಎರಡೇ ಕೋಣೆ ಮುಗಿಸಿ ಬಿದ್ದಳು. ಈ ಮಾತ್ರೆ ಅಷ್ಟು ಬೇಗ ಹಿಡಿಯಲ್ಲ, ಟೈಮ್ ತಗೊಳ್ಳುತ್ತೆ."

ಪೇದೆ ಗೇಟಿನ ಹೊರಗಿನ ಮೆಡಿಕಲ್ ಸ್ಟೋರಿಗೆ ಹೋಗಿ ವಿಚಾರಿಸಿ ಬಂದ. ಹುಡುಗ ಬೆಳಿಗ್ಗೆ ಕೊಂಡದ್ದು ಆ ಒಂದೇ ಪಟ್ಟಿ. ಅಂಗಡಿಯ ಮುಂದೆಯೇ ಒಂದನ್ನು ನುಂಗಿ, ನೀರು ಕೇಳಿದ್ದನಂತೆ.

"ಹೋಗು," ಎಂದರು ಇನ್‌ಸ್ಪೆಕ್ಟರಮ್ಮ. "ಹಾಗೇ ಇನ್ನೊಂದು ವಿಷಯ. ಡೀನ್ ಕೇಳಿದ್ರೆ, ಪೊಲೀಸರ ಮುಂದೆ ಚೆನ್ನಾಗಿ ಮಾತಾಡಿದ ಅಂತ ಹೇಳ್ತೀನಿ."

*

ಹಾಗಾದರೆ ಮಾತ್ರೆ ಹುಡುಗಿಯ ಹೊಟ್ಟೆಗೆ ಹೋದದ್ದು ಬೆಳಿಗ್ಗೆ. ಮನೆಯಲ್ಲಿ.

ಇನ್‌ಸ್ಪೆಕ್ಟರಮ್ಮ ಆಸ್ಪತ್ರೆಯ ಕ್ಯಾಂಟೀನಿಗೆ ತಾಯಿಯನ್ನು ಕರೆದುಕೊಂಡು ಹೋದರು. ಚಹಾ ಕೊಡಿಸಿದರು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ.

"ಮಗಳು ದಿನಾ ಮಾತ್ರೆ ತಗೋತಾಳಾ ಅಮ್ಮ?"

"ಉಬ್ಬಸಕ್ಕೆ ಬೆಳಿಗ್ಗೆ ಒಂದು. ದೊಡ್ಡವಳೇ ಕೊಡೋದು. ಇವಳು ಏನು ಅಂತಾನೂ ನೋಡಲ್ಲ. ಅಕ್ಕ ಕೊಟ್ಟಳು ಅಂದ್ರೆ ಕಣ್ಣು ಮುಚ್ಚಿ ನುಂಗ್ತಾಳೆ. ಓದಿಸಿದ್ದೂ ಅವಳೇ, ಇಂಟರ್‌ವ್ಯೂಗೆ ತಯಾರು ಮಾಡಿದ್ದೂ ಅವಳೇ. ಮೊದಲು ಮನಸ್ಥಿತಿ ಹೇಳು, ಆಮೇಲೆ ನಡೆದದ್ದು ಹೇಳು, ಕೊನೆಗೆ ನಿನ್ನ ಅಭಿಪ್ರಾಯ ಹೇಳು ಅಂತ ದಿನಾ ಅಡುಗೆಮನೆಯಲ್ಲಿ ನಿಲ್ಲಿಸಿ ಪಾಠ."

ಮೊದಲು ನಮ್ಮ ಮನಸ್ಥಿತಿ ಹೇಳ್ತೀನಿ ಮೇಡಂ. ಮೇಜು ಬಡಿಯುತ್ತಿದ್ದ ಇನ್‌ಸ್ಪೆಕ್ಟರಮ್ಮನ ಬೆರಳು ನಿಂತುಬಿಟ್ಟಿತು.

"ದೊಡ್ಡವಳು ಯಾಕೆ ಡಾಕ್ಟರಾಗಲಿಲ್ಲ?"

ತಾಯಿ ತಲೆ ತಗ್ಗಿಸಿದರು. "ಅಂಕ ನೋಡಿದ್ರೆ ಎದ್ದು ನಿಂತು ಸೀಟು ಕೊಡಬೇಕು. ಮೂರು ಸಲ ಇದೇ ಕಾಲೇಜಿಗೆ ಕರೆದ್ರು. ಮೂರು ಸಲವೂ ಒಳಗೆ ಹೋಗಿ ಮರದ ಹಾಗೆ ಕೂತು ಬಂದ್ಲು. ಯಾರಾದ್ರೂ ಎದುರು ಕೂತು ಪ್ರಶ್ನೆ ಕೇಳಿದ್ರೆ ಅವಳ ಬಾಯಿಗೆ ಬೀಗ. ಬ್ಯಾಂಕಿನಲ್ಲಿ ಹೆಸರು ಕೇಳಿದ್ರೂ ತಡವರಿಸ್ತಾಳೆ. ಮನೆಗೆ ನೆಂಟರು ಬಂದ್ರೆ ಕೋಣೆ ಸೇರ್ತಾಳೆ. ಚಿಕ್ಕವಳು ಹೋಗಿ ಇಬ್ಬರ ಪಾಲಿನದೂ ಮಾತಾಡಿ ಬರ್ತಾಳೆ."

"ಕೊನೆಯ ಸಲ ಅವಳು ಧೈರ್ಯದ ಮಾತ್ರೆ ಅಂತ ಏನಾದ್ರೂ ತಂದಿದ್ಳಾ?"

"ತಂದಿದ್ಳು. ಯಾರೋ ಹೇಳಿದ್ರು ಅಂತ. ತಗೊಳ್ಳೋಕೂ ಹೆದರಿ ಹಾಗೇ ಇಟ್ಟಿದ್ಳು. ಯಾಕೆ ಮೇಡಂ?"

ಇನ್‌ಸ್ಪೆಕ್ಟರಮ್ಮ ಎದ್ದು ನಿಂತರು. ಬ್ಯಾಂಕಿನ ಗುಮಾಸ್ತೆಯ ಮುಂದೆ ತಡವರಿಸುವವಳು ಪೊಲೀಸರ ಮುಂದೆ ರೇಡಿಯೋ ವಾರ್ತೆ ಓದಿದ ಹಾಗೆ ಮಾತಾಡಿದ್ದಳು. ತಂಗಿ ಸಾವಿನ ಬಾಗಿಲಲ್ಲಿ ಮಲಗಿದ್ದಾಗ.

ಅವರು ಐಸಿಯುಗೆ ವಾಪಸ್ಸಾದರು. ಡಾಕ್ಟರ್ ತಂಗಿಯ ಕಿವಿಯಲ್ಲಿ ಏನೋ ಹೇಳಿದರು. ತಂಗಿ ಅಕ್ಕನನ್ನು ದಿಟ್ಟಿಸಿ ನೋಡಿದಳು, ತಲೆಯಾಡಿಸಿ ಒಳಗೆ ಹೋದಳು.

*

ರೋಗಿಗಳ ಮನೆಯವರಿಗೆಂದು ಇದ್ದ ಸಣ್ಣ ಕೋಣೆ. ತಂದೆ, ತಾಯಿ, ದೊಡ್ಡವಳು ಸಾಲಾಗಿ ಕೂತಿದ್ದರು. ಡಾಕ್ಟರ್ ತಂಗಿ ನಾಡಿ ನೋಡಲು ಬೆರಳಿಗೆ ಸಿಕ್ಕಿಸುವ ಚಿಕ್ಕ ಯಂತ್ರ ಹಿಡಿದು ಬಂದಳು. ಹಿಂದೆಯೇ ಇನ್‌ಸ್ಪೆಕ್ಟರಮ್ಮ.

"ನೀವೂ ತುಂಬ ಸುಸ್ತಾಗಿದೀರಿ. ಒಮ್ಮೆ ನೋಡಿಬಿಡ್ತೀನಿ."

ತಂದೆಯ ಬೆರಳಿಗೆ ಸಿಕ್ಕಿಸಿದಳು. ಯಂತ್ರ ಟಿಕ್‌ಟಿಕ್‌ಟಿಕ್ ಎಂದು ಓಡಿತು. ತಾಯಿಯದು ಇನ್ನೂ ಜೋರು. ದೊಡ್ಡವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನನಗೇನೂ ಆಗಿಲ್ಲ."

"ಕೊಡಮ್ಮ, ನೋವಾಗಲ್ಲ."

ತಂದೆಯೇ ಅವಳ ಕೈ ಹಿಡಿದು ಮುಂದೆ ಕೊಟ್ಟರು. ಯಂತ್ರ ಟಿಕ್ ಎಂದಿತು. ಎಲ್ಲರೂ ಕಾದರು. ಟಿಕ್ ಎಂದಿತು. ಆ ಸಣ್ಣ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

"ಒಂದೇ ಮನೆಯ ದುಃಖ," ಎಂದರು ಇನ್‌ಸ್ಪೆಕ್ಟರಮ್ಮ. "ಇಬ್ಬರ ಎದೆ ಹೊಡ್ಕೋತಾ ಇದೆ. ನಿಮ್ಮದು ಮಲಗಿದೆ. ಮಾತ್ರೆ ಯಾವಾಗ ತಗೊಂಡ್ರಿ?"

"ಫೋನ್ ಬಂದ ಮೇಲೆ. ಗಾಬರಿಯಾಯ್ತು, ಅದಕ್ಕೆ." ಮಾತು ಇನ್ನೂ ನಯವಾಗಿಯೇ ಬಂತು.

"ಫೋನ್ ಬಂದ ಕೂಡಲೇ ನೀವು ಇಲ್ಲಿಗೆ ಓಡಿ ಬಂದ್ರಿ. ಬಂದ ಕೂಡಲೇ ನಾನು ಮಾತಾಡಿಸಿದೆ. ಆಗಲೇ ನಿಮ್ಮ ಕೈ, ನಾಲಿಗೆ ಎರಡೂ ಗಟ್ಟಿಯಾಗಿದ್ದವು. ಆ ಮಾತ್ರೆ ಹಿಡಿಯೋಕೆ ಹೊತ್ತು ಬೇಕು. ಆ ಹುಡುಗನ ವಿಷಯದಲ್ಲಿ ಅದನ್ನೇ ಲೆಕ್ಕ ಹಾಕಿ ಅವನನ್ನ ಬಿಟ್ಟು ಕಳಿಸಿದೆ. ಅದೇ ಲೆಕ್ಕ ನಿಮಗೂ ಅನ್ವಯ. ನೀವು ಬೆಳಿಗ್ಗೆಯೇ ನುಂಗಿದೀರಿ. ಯಾರಿಗೂ ಏನೂ ಆಗೋ ಮುಂಚೆ."

ದೊಡ್ಡವಳು ಇನ್ನೊಂದು ಕೈಯಿಂದ ಬೆರಳಿನ ಯಂತ್ರ ಕಳಚಿದಳು.

"ಇಂಟರ್‌ವ್ಯೂ ಇದ್ದದ್ದು ತಂಗಿಗೆ. ನೀವ್ಯಾಕೆ ಧೈರ್ಯದ ಮಾತ್ರೆ ನುಂಗಿದ್ರಿ? ಇವತ್ತು ನಿಮ್ಮನ್ನೂ ಯಾರೋ ಎದುರು ಕೂರಿಸಿ ಪ್ರಶ್ನೆ ಕೇಳ್ತಾರೆ ಅಂತ ನಿಮಗೆ ಗೊತ್ತಿತ್ತು. ಮೂರು ಸಲ ಸಿದ್ಧವಾಗದೆ ಹೋಗಿ ಸೋತ್ರಿ. ಈ ನಾಲ್ಕನೇದಕ್ಕೆ ಚೆನ್ನಾಗಿ ತಯಾರಾಗಿ ಬಂದ್ರಿ. ಅದೇ ನಿಮ್ಮ ತಪ್ಪು. ಎಂದಿನ ಹಾಗೆ ತಡವರಿಸಿದ್ದಿದ್ರೆ ನಾನು ನಿಮ್ಮ ಕಡೆ ತಿರುಗಿಯೂ ನೋಡ್ತಿರಲಿಲ್ಲ."

ತಾಯಿ ಮಗಳ ಕಡೆ ತಿರುಗಿದರು. "ಇಲ್ಲ ಅಂತ ಹೇಳೇ," ಎಂದರು. 

"ಉಬ್ಬಸದ ಮಾತ್ರೆ ಬದಲು ತಂಗಿಗೂ ಇದನ್ನೇ ಕೊಟ್ರಿ. ಆಸ್ತಮಾ ಇದ್ದವಳಿಗೆ ಈ ಮಾತ್ರೆ ಕೊಡಬಾರದು ಅನ್ನೋದು ನಿಮಗೆ ಗೊತ್ತಿರಲಿಲ್ಲ ಅಂತೀರಾ?"

"ಗೊತ್ತಿತ್ತು." ದೊಡ್ಡವಳು ಗೋಡೆ ನೋಡುತ್ತ ಹೇಳಿದಳು. "ನನ್ನ ಮೊದಲನೇ ಇಂಟರ್‌ವ್ಯೂನಲ್ಲಿ ಅದೇ ಪ್ರಶ್ನೆ ಕೇಳಿದ್ರು. ಉತ್ತರ ಗೊತ್ತಿತ್ತು. ಪುಸ್ತಕದ ಪುಟವೂ ಕಣ್ಣ ಮುಂದಿತ್ತು. ಬಾಯಿಗೆ ಬರಲಿಲ್ಲ."

ತಂದೆ ಅವಳ ಕೈ ಬಿಟ್ಟರು.

"ಸಾಯಲಿ ಅಂತ ಅಲ್ಲ ಅಪ್ಪ. ಒಂದು ದಿನ, ಒಂದೇ ಒಂದು ದಿನ ಅವಳ ಮಾತು ನಿಲ್ಲಲಿ ಅಂತ. ಎಲ್ಲರ ಮುಂದೆ ಉಸಿರು ಸಿಗದೆ ತಡವರಿಸಲಿ ಅಂತ. ಅವಳಿಗೆ ಓದಿ ಹೇಳಿದ್ದು ನಾನು. ಉತ್ತರ ಬರೆದು ಕೊಟ್ಟಿದ್ದು ನಾನು. ನನಗಿಂತ ಕಡಿಮೆ ಅಂಕ ತಗೊಂಡು, ನನ್ನ ಮಾತನ್ನೇ ಬಾಯಿಪಾಠ ಮಾಡಿ, ನಾನು ಕೂತು ಬೆವರಿದ ಕುರ್ಚಿಯಲ್ಲಿ ಕೂತು ನಗ್ತಾಳೆ. ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಹೋಗ್ತಾ ನನ್ನ ಕಡೆ ತಿರುಗಿ ಕೈ ಬೀಸಿದ್ಲು. ಮಾತ್ರೆ ಕೊಟ್ಟಾಗಿತ್ತು, ಆಗಲೂ ಹೊಟ್ಟೆ ಉರೀತು."

ಆ ಕೋಣೆಯಲ್ಲಿ ಅವಳ ಮಾತು ಕೊನೆಯ ತನಕ ಎಲ್ಲೂ ತಡವರಿಸಲಿಲ್ಲ. ಮಾತ್ರೆ ಒಳ್ಳೆಯ ಕಂಪನಿಯದಿರಬೇಕು.

*

ಪೇದೆ ಅವಳನ್ನು ಕರೆದುಕೊಂಡು ಹೋದ ಮೇಲೆ ಅಕ್ಕತಂಗಿ ಇಬ್ಬರೂ ಕಾರಿಡಾರಿನ ಕಿಟಕಿ ಬಳಿ ನಿಂತರು. ಲ್ಯಾಬಿನಿಂದ ಫಲಿತಾಂಶ ಬಂದಿತ್ತು. ಡಾಕ್ಟರ ಊಹೆ ಸರಿಯಾಗಿತ್ತು.

"ಅವಳೇ ಅಂತ ನಿನಗೆ ಹೇಗೆ ಹೊಳೀತು ಅಕ್ಕಾ? ನಾಡಿ ಆಮೇಲಿನ ಮಾತು. ಮೊದಲು ಅನುಮಾನ ಬರಬೇಕಲ್ಲ."

"ಚಿಕ್ಕವಳಿಗೆ ಓದಿಸಿದ ದೊಡ್ಡವಳು. ಚಿಕ್ಕವಳು ಒಳಗೆ, ದೊಡ್ಡವಳು ಗೇಟಿನ ಹೊರಗೆ. ಅದು ನನಗೆ ಚೆನ್ನಾಗಿ ಗೊತ್ತಿರೋ ಸಬ್ಜೆಕ್ಟು."

ತಂಗಿ ಕಿಟಕಿಯ ಹೊರಗೆ ನೋಡಿದಳು. "ನನ್ನ ಮೇಲೆ ಅಷ್ಟು ಹೊಟ್ಟೆಕಿಚ್ಚಾ?"

"ಅಷ್ಟೇ ಅಲ್ಲ, ಇನ್ನೂ ಜಾಸ್ತಿ."

"ಸರಿ ಬಿಡು. ಮನೆಯಲ್ಲಿ ಅಮ್ಮ ಹೆದರೋದು ನಿನಗೊಬ್ಬಳಿಗೇ. ನಾನು ಹೇಳಿದ್ರೆ ಬಿಪಿ ಮಾತ್ರೆನೂ ತಗೊಳ್ಳಲ್ಲ, ನೀನು ಕಣ್ಣು ಬಿಟ್ರೆ ನುಂಗ್ತಾಳೆ. ನನಗೇನು ಹೊಟ್ಟೆಕಿಚ್ಚಿಲ್ವಾ?" ಅವಳು ಮಾಸ್ಕು ಮೇಲೆಳೆದುಕೊಂಡಳು. "ಹುಡುಗಿಗೆ ಬೇರೆ ದಾರಿಯಿಂದ ಔಷಧಿ ಕೊಡ್ತಿದೀನಿ. ಎದೆ ಸ್ವಲ್ಪ ಸಡಿಲ ಆಗ್ತಿದೆ. ಇವತ್ತು ನಾನು ಮನೆಗೆ ಬರಲ್ಲ."

ಹೊಟ್ಟೆಕಿಚ್ಚು ಪಡಲು ಇಂಥವಳೇ ಸಿಗಬೇಕಾಗಿತ್ತೇ ಎಂದುಕೊಂಡು ಇನ್‌ಸ್ಪೆಕ್ಟರಮ್ಮ ಮೆಟ್ಟಿಲಿಳಿದರು.

*

ಮರುದಿನ ಮಧ್ಯಾಹ್ನ. ಸ್ಟೇಷನ್ನಿನ ಒಳಕೋಣೆ. ದೊಡ್ಡವಳು ಬೆಂಚಿನ ಮೇಲೆ ಕೂತಿದ್ದಳು. ಮಾತ್ರೆಯ ಗುಣ ಇಳಿದಿತ್ತು. ಮಡಿಲಲ್ಲಿ ಕೈ ಕೈಯನ್ನು ಹಿಡಿದುಕೊಂಡಿತ್ತು, ಆದರೂ ನಡುಕ ನಿಂತಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಎದುರಿಗೆ ಕುರ್ಚಿ ಎಳೆದುಕೊಂಡರು.

"ಬೆಳಿಗ್ಗೆ ಟ್ಯೂಬ್ ತೆಗೆದ್ರು. ಬದುಕಿದಾಳೆ."

ದೊಡ್ಡವಳು ಕಣ್ಣು ಮುಚ್ಚಿದಳು. ತುಟಿ ಅಲುಗಿತು. 

"ಮಾ... ಮಾತಾಡ್ತಾಳಾ?"

"ಗಂಟಲು ನೋವು. ಆದರೂ ನರ್ಸಿಗೆ ತಲೆನೋವು ಬರೋ ಅಷ್ಟು ಮಾತಾಡ್ತಿದಾಳೆ. ಉಳಿದ ಕೋಣೆಗಳಿಗೆ ಇನ್ನೊಂದು ದಿನ ಕರೀತೀವಿ ಅಂತ ಕಾಲೇಜಿನವರು ಹೇಳಿದಾರೆ. ಮಾತ್ರೆ ಕೊಟ್ಟದ್ದು ಯಾರು ಅಂತ ಅವಳಿಗಿನ್ನೂ ಗೊತ್ತಿಲ್ಲ. ಅಕ್ಕ ಎಲ್ಲಿ ಅಂತ ಕೇಳ್ತಾನೇ ಇದಾಳೆ. ಸಂಜೆ ನಾನೇ ಹೋಗಿ ಹೇಳಬೇಕು."

ದೊಡ್ಡವಳು ತಲೆ ಎತ್ತಲಿಲ್ಲ. ಇನ್‌ಸ್ಪೆಕ್ಟರಮ್ಮ ಏಳಬೇಕೆಂದಿದ್ದರು. ಅಷ್ಟರಲ್ಲಿ ಅವಳು ಕೇಳಿಯೇಬಿಟ್ಟಳು.

"ಅವಳಿಗೆ ಎ... ಎಷ್ಟು ಕೊಟ್ರು? ಮುಗಿಸಿದ ಕೋಣೆಗಳಲ್ಲಿ."

ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ತಂಗಿ ಸತ್ತು ಬದುಕಿದ್ದಾಳೆ, ಇವಳಿಗೆ ಅಂಕ ಬೇಕು. ಬಾಯಿಗೆ ಬಂದದ್ದನ್ನು ನುಂಗಿಕೊಂಡರು.

"ಬೆಳಿಗ್ಗೆ ಸರ್ಜನ್ ಹೇಳಿಕೆ ಕೊಡೋಕೆ ಬಂದಿದ್ರು. ಅವಳು ಬೀಳೋಕೆ ಮುಂಚೆ ಅವರ ಕೋಣೆಯಲ್ಲೇ ಇದ್ದದ್ದು. ಪೂರ್ತಿ ಅಂಕ ಕೊಟ್ಟಿದಾರಂತೆ. ಅವರ ಸರ್ವಿಸಿನಲ್ಲೇ ಮೊದಲ ಸಲವಂತೆ."

ದೊಡ್ಡವಳ ಮುಖ ಬಿಗಿಯಿತು. ಆ ಹೊತ್ತಿನಲ್ಲೂ.

"ಪ್ರಶ್ನೆ ಏನಿತ್ತು?"

"ಈ ಸೀಟಿಗೆ ನಿನಗಿಂತ ಹೆಚ್ಚು ಯೋಗ್ಯರು ಯಾರಾದರೂ ನಿನಗೆ ಗೊತ್ತಾ, ಗೊತ್ತಿದ್ದರೆ ಅವರ ಪರವಾಗಿ ವಾದ ಮಾಡು. ಅದು ಪ್ರಶ್ನೆ."

ದೊಡ್ಡವಳು ಕಾದಳು.

"ನಮ್ಮಕ್ಕ ಅಂದಳಂತೆ. ಅವಳಿಗೆ ನನಗಿಂತ ಜಾಸ್ತಿ ಗೊತ್ತು, ನನಗೆ ಉಬ್ಬಸ ಬಂದ ರಾತ್ರಿಗಳಲ್ಲಿ ಎದ್ದು ಕೂರೋಳು ಅವಳು, ಡಾಕ್ಟರಿಗೆ ಮಾತು ಬರಬೇಕು ನಿಜ, ಆದರೆ ನೀವು ಅವಳಿಗೆ ಬಾಯಿ ತೆಗೆಯೋಕೆ ಟೈಮ್ ಕೊಡಲಿಲ್ಲ, ಗಂಟೆ ಹೊಡೆದು ಎಬ್ಬಿಸಿ ಕಳಿಸಿದ್ರಿ ಅಂತ ಆ ಸರ್ಜನ್‌ಗೇ ಜಗಳಕ್ಕೆ ನಿಂತಳಂತೆ. ನನಗೆ ಸೀಟು ಸಿಕ್ಕಿದ್ರೆ ಒಳಗಿದ್ದುಕೊಂಡೇ ಅವಳನ್ನ ಹೇಗೆ ಒಳಗೆ ಎಳ್ಕೊಳ್ತೀನಿ ನೋಡ್ತಿರಿ ಅಂದಳಂತೆ. ಅದಕ್ಕೇ ಆತ ನಕ್ಕದ್ದು."

ಹೊರಗೆ ಯಾರದೋ ಫೋನು ರಿಂಗಾಗಿ ನಿಂತಿತು. ದೊಡ್ಡವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಇನ್‌ಸ್ಪೆಕ್ಟರಮ್ಮ ಅವಸರ ಮಾಡಲಿಲ್ಲ, ಕೂತು ಕಾದರು. ತುಂಬ ಹೊತ್ತಿನ ಮೇಲೆ ಮಾತು ಹೊರಗೆ ಬಂತು.

"ಅದನ್ನ... ಅದನ್ನ ನಾನು ಹೇಳಿಕೊಟ್ಟಿರಲಿಲ್ಲ."